ಐದನೆಯ ಆಕ್ಷೇಪಣೆ

ಹೌನ್ಸ್ಲೋ, ಲಂಡನ್
ಮಂಗಳವಾರ, ೧೪ ಮೇ ೨೦೧೩

ಒಂದು ಇಡೀ ದೇಶದ ಖಜಾನೆ ಕಾಯುತ್ತಾ ಕೂತಿರುವ ನನ್ನ ನಿಖಿತಾ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಪ್ಪ ಮಾತ್ರ ಬಿ.ಪಿ. ಗುಳಿಗೆ ತೆಗೆದುಕೊಳ್ಳುವುದನ್ನು ದಿನಾ ಮರೆಯುತ್ತಾರೆ. ಆಸ್ಪತ್ರೆಯಲ್ಲಿ ಊರವರಿಗೆಲ್ಲ ಬುದ್ಧಿ ಹೇಳುವ ಡಾಕ್ಟರ್ ಮುಕುಂದ ಅವರಿಗೆ ಮನೆಯಲ್ಲಿ ನಾನು ಬುದ್ಧಿ ಹೇಳಬೇಕು. ನೀನು ಕನ್ನಡ ನಿಧಾನವಾಗಿ ಓದುತ್ತೀ ಎಂದು ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಪ್ರತಿ ಭಾನುವಾರ ನಿನ್ನನ್ನು ಹಿಡಿದು ಕೂರಿಸಿ ಕಾಗುಣಿತ ತಿದ್ದಿಸುವಾಗ, ಇದರಿಂದ ನನಗೇನು ಯೂಸ್ ಅಂತ ಮುಖ ಊದಿಸುತ್ತಿದ್ದೆಯಲ್ಲ, ಈಗ ನೋಡು. ನಿಮ್ಮ ಆಫೀಸಿನಲ್ಲಿ ಎಲ್ಲರ ಇಮೇಲನ್ನೂ ಎಲ್ಲರೂ ಓದುತ್ತಾರಂತೆ. ಇದನ್ನು ಲೈಬ್ರರಿಯಲ್ಲಿ ಸ್ಕ್ಯಾನ್ ಮಾಡಿ ಕಳಿಸುತ್ತೇನೆ, ಅಲ್ಲಿ ಓದಬಲ್ಲವಳು ನೀನೊಬ್ಬಳೇ.

ಶನಿವಾರ ನೀನು ಕನ್ನಡದಲ್ಲೇ ಕಳಿಸಿದ ಎರಡು ಸಾಲು ಮುಟ್ಟಿತು. ಪ್ರಾಂತ್ಯದ ಆಸ್ಪತ್ರೆಯ ಮೇಟ್ರನ್ ರೆಬೆಕಾ ನರ್ಸುಗಳ ಸಂಬಳದ ಬಿಲ್ಲು ಹಿಡಿದು ಶುಕ್ರವಾರ ಮತ್ತೆ ಬರುತ್ತಾರೆ, ಈ ಸಲ ಗವರ್ನರ ಸಹಿ ಮಾಡಿಸಿಕೊಂಡೇ ಬರುತ್ತಾರೆ, ಆದ್ದರಿಂದ ಇನ್ನೊಂದು ಆಕ್ಷೇಪಣೆ ಬೇಕು ಅಮ್ಮಾ, ಚಿಕ್ಕದು ಸಾಕು ಎಂದು ಬರೆದಿದ್ದೀ. ಅದರ ಕೆಳಗೆ, ಬಿಟ್ಟುಹೋಗಿದ್ದು ಆಮೇಲೆ ನೆನಪಾಯಿತೇನೋ ಎಂಬಂತೆ, ಹೋದ ಸಲ ಆಕೆ ಬರಿಗಾಲಲ್ಲಿ ಬಂದಿದ್ದರು ಎಂದು ಸೇರಿಸಿದ್ದೀ. ದಾರಿಯಲ್ಲಿ ಬಂದೂಕಿನವರು ಲಾರಿ ನಿಲ್ಲಿಸಿ ಕೈಗಡಿಯಾರ, ಬೂಟು ಎರಡನ್ನೂ ಬಿಚ್ಚಿಸಿಕೊಂಡರಂತೆ. ಫೈಲನ್ನು ಮಾತ್ರ ಸೀರೆಯೊಳಗೆ, ಅಲ್ಲ, ಅವರ ಆ ಬಟ್ಟೆಯೊಳಗೆ ಅಡಗಿಸಿಕೊಂಡು ತಂದರಂತೆ. ಆ ಫೈಲನ್ನು ನೀನು ತೆಗೆದುಕೊಂಡು, ನೋಡಿ, ನಾಲ್ಕನೆಯ ಆಕ್ಷೇಪಣೆ ಹಾಕಿ ವಾಪಸ್ ಕೊಟ್ಟೆ.

ಆ ನಾಲ್ಕನೆಯದು ನಾನು ಹೇಳಿಕೊಟ್ಟಿದ್ದು. ರೊಟ್ಟಿ ಬಡಿಯುತ್ತಾ ಫೋನನ್ನು ಸ್ಪೀಕರಿಗೆ ಹಾಕಿ ಹೇಳಿದ್ದೆ, ಪ್ರಾಂತ್ಯದ ಗವರ್ನರ ಮೇಲುಸಹಿ ಇಲ್ಲ ಎಂದು ಹಾಕಿಬಿಡು, ಅದಕ್ಕೆ ಒಂದು ತಿಂಗಳಾದರೂ ಹಿಡಿಯುತ್ತದೆ ಎಂದು. ನೀನು ನಕ್ಕು, ಅಮ್ಮಾ ಯು ಆರ್ ಎ ಜೀನಿಯಸ್ ಅಂದಿದ್ದೆ. ನಾನೂ ನಕ್ಕಿದ್ದೆ. ಆ ನಗು ನೆನಪಾದರೆ ಈಗ ಮೈ ಪರಚಿಕೊಳ್ಳಬೇಕು ಅನಿಸುತ್ತದೆ.

ನಿನಗೆ ಹೇಳದ ಒಂದು ಮಾತಿದೆ. ಎರಡು ವರ್ಷದ ಹಿಂದೆ ಆ ದೇಶ ಹುಟ್ಟಿದ ಹೊಸದರಲ್ಲಿ ನೀನು ಅಲ್ಲಿಗೆ ಸಲಹೆಗಾರ್ತಿಯಾಗಿ ಹೋದೆ. ಬಾವುಟ ಇತ್ತು, ರಾಷ್ಟ್ರಗೀತೆ ಇತ್ತು, ಖಜಾನೆ ಎಂದು ಬೋರ್ಡು ಬರೆಸಿದ ಒಂದು ಮನೆಯೂ ಇತ್ತು. ಸರ್ಕಾರದ ಪತ್ರ ಹೇಗಿರಬೇಕು ಎಂದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾರ್ಯದರ್ಶಿಗಳು ಎಲ್ಲ ಪತ್ರವ್ಯವಹಾರವನ್ನೂ ನಿನ್ನ ಮೇಜಿಗೆ ತಳ್ಳಿದರು. ಆಗ ನೀನು ಫೋನು ಮಾಡಿ, ಅಮ್ಮಾ, ಧಾರವಾಡದ ಟ್ರೆಜರಿಯಲ್ಲಿ ನೀವು ಹೇಗೆ ಬರೀತಿದ್ರಿ ಅಂತ ಕೇಳಿದೆ. ಆ ಪ್ರಶ್ನೆ ಕೇಳಿ ನಾನು ಫೋನಿಟ್ಟು ಅತ್ತೆ ಕಣೇ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೌನ್ಸಿಲ್ ಶಾಲೆಯ ಅಡಿಗೆಮನೆಯಲ್ಲಿ ಮಕ್ಕಳಿಗೆ ಬಟಾಣಿ ಬಡಿಸಿ ಬಡಿಸಿ ರಿಟೈರಾದವಳು ನಾನು. ಜಿಲ್ಲಾ ಖಜಾನೆಯಲ್ಲಿ ನನ್ನ ಕರಡಿನಲ್ಲಿ ಸಾಹೇಬರು ಒಂದು ಅಕ್ಷರ ತಿದ್ದುತ್ತಿರಲಿಲ್ಲ ಎನ್ನುವುದು ಈ ದೇಶದಲ್ಲಿ ಯಾರಿಗೂ ಬೇಕಿರಲಿಲ್ಲ.

ಹಾಗಾಗಿ ಸ್ವಲ್ಪ ಜಾಸ್ತಿಯೇ ಉತ್ಸಾಹ ಬಂತು. ವಿಷಯ, ಉಲ್ಲೇಖ, ಯಾರಿಗೆ ಪ್ರತಿ, ಎಲ್ಲಿ ಮೊಹರು, ಎಲ್ಲ ಹೇಳಿಕೊಟ್ಟೆ. ನಿಮ್ಮ ಮಂತ್ರಿಗಳು ದೊಡ್ಡ ದೊಡ್ಡ ಬ್ಯಾಂಕಿನವರಿಗೆ ಬರೆದ ಪತ್ರಗಳ ಅರ್ಧ ಒಕ್ಕಣೆ ಈ ಅಡಿಗೆಮನೆಯ ಮೇಜಿನ ಮೇಲೆ ಹುಟ್ಟಿದ್ದು. ಮೇಲೆ ವಿಮಾನ ಹಾದು ಹೋದಾಗ ನಿನ್ನ ಧ್ವನಿ ಕೇಳುತ್ತಿರಲಿಲ್ಲ, ಇಬ್ಬರೂ ಅದು ದಾಟುವವರೆಗೆ ಸುಮ್ಮನಿದ್ದು ಮತ್ತೆ ಶುರುಮಾಡುತ್ತಿದ್ದೆವು. ನನ್ನ ಮಗಳ ಜೊತೆ ಇಷ್ಟು ಮಾತಾಡಿದ ದಿನಗಳೇ ಹಿಂದೆ ಇರಲಿಲ್ಲ.

ಆಮೇಲೆ ಹೊರಗಿನ ನೆರವು ನಿಂತುಹೋಯಿತು, ಖಜಾನೆಯಲ್ಲಿ ಗಾಳಿ ಬಿಟ್ಟರೆ ಏನಿಲ್ಲ ಅಂದೆ. ಹಣ ಇಲ್ಲ ಎಂದು ಬರೆಯುವ ಹಾಗೂ ಇಲ್ಲ, ಏನು ಮಾಡಲಿ ಅಂದೆ. ಆಗ ನಾನು ನಮ್ಮ ಹೆಡ್ ಅಕೌಂಟೆಂಟ್ ನಾಗಲಿಂಗಪ್ಪನವರ ಉಪಾಯ ಹೇಳಿಕೊಟ್ಟೆ. ಮಾರ್ಚ್ ತಿಂಗಳಲ್ಲಿ ಮೇಲಿನಿಂದ ಹಣ ಬಿಡುಗಡೆ ಆಗದಿದ್ದರೆ ಅವರು ಇಲ್ಲ ಎನ್ನುತ್ತಿರಲಿಲ್ಲ. ಬಿಲ್ಲಿಗೆ ಒಂದು ಆಕ್ಷೇಪಣೆ ಹಾಕುತ್ತಿದ್ದರು. ಮೊಹರು ಮಸುಕಾಗಿದೆ, ಹಾಜರಿ ಪಟ್ಟಿಯ ಇನ್ನೊಂದು ಪ್ರತಿ ಬೇಕು, ಹೀಗೆ. ಒಂದೇ ಸಲಕ್ಕೆ ಎಲ್ಲ ತಪ್ಪು ತೋರಿಸಬಾರದು, ಸಲಕ್ಕೆ ಒಂದೊಂದೇ ಎಂದು ನಮಗೆ ಕಲಿಸಿದ್ದರು. ಶಾಲೆಯ ಗುಮಾಸ್ತ ಆ ಚೀಟಿ ಓದಿ, ಹಂಗಾರ ಮುಂದಿನ ತಿಂಗಳ ಬರ್ತೀನ್ರೀ ಸಾಹೇಬ್ರ ಎಂದು ನಕ್ಕು, ನಮ್ಮ ಜೊತೆಗೇ ಚಹಾ ಕುಡಿದು ಹೋಗುತ್ತಿದ್ದ. ಮಸುಕಾದ ಮೊಹರನ್ನು ಯಾರೂ ಸರಿಮಾಡುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಅದೇ ಬಿಲ್ಲು, ಅದೇ ಮೊಹರು, ಪಾಸಾಗುತ್ತಿತ್ತು.

ನಾನು ಮರೆತದ್ದು ಇಷ್ಟೇ. ಧಾರವಾಡದಲ್ಲಿ ಹಾಕುವವನಿಗೂ ಹಾಕಿಸಿಕೊಳ್ಳುವವನಿಗೂ ಅದೊಂದು ಶಾಸ್ತ್ರ ಎಂದು ಗೊತ್ತಿತ್ತು. ನೀನಿರುವಲ್ಲಿ ಸರ್ಕಾರಕ್ಕೇ ಎರಡು ವರ್ಷ. ಸರ್ಕಾರ ಮೊಹರು ಮಸುಕಾಗಿದೆ ಅಂದರೆ ಆ ಜನ ಹೋಗಿ ಹೊಸ ಮೊಹರು ಕೆತ್ತಿಸಿಕೊಂಡು ಬರುತ್ತಾರೆ. ನಂಬುತ್ತಾರೆ, ನಿಖಿತಾ. ತಮ್ಮದೇ ಸರ್ಕಾರ ಎಂದು ನಂಬುತ್ತಾರೆ.

ಭಾನುವಾರ ಫೋನಿನಲ್ಲಿ ಈ ಮಾತು ಎತ್ತಿದಾಗ ನೀನು ನನ್ನ ಮೇಲೆ ಹರಿಹಾಯ್ದೆ. ಒಂದೇ ಒಂದು ಪತ್ರದಲ್ಲಿ ಹಣವಿಲ್ಲ ಎಂದು ಬರೆದರೆ ಅದು ಸಂಜೆಯೊಳಗೆ ಸೈನಿಕರ ಶಿಬಿರ ಮುಟ್ಟುತ್ತದೆ, ಅವರ ಕೈಯಲ್ಲಿ ಬಂದೂಕಿದೆ, ನಿನಗೆ ಹೌನ್ಸ್ಲೋದಲ್ಲಿ ಕೂತು ಇದೆಲ್ಲ ತಿಳಿಯುವುದಿಲ್ಲ ಅಂದೆ. ತಿಳಿಯಿತಮ್ಮ. ಬಂದೂಕಿದ್ದವರ ಬಿಲ್ಲಿಗೆ ಮೊಹರು ಯಾವಾಗಲೂ ಸ್ಪಷ್ಟವಾಗಿರುತ್ತದೆ, ಇಂಜೆಕ್ಷನ್ ಹಿಡಿದವರ ಬಿಲ್ಲಿಗೆ ಮಾತ್ರ ಮಸುಕಾಗುತ್ತದೆ. ನಿನಗೆ ಕೋಪ ಬರಲಿ. ನೀನು ಫೋನು ಕುಕ್ಕಿದ ಮೇಲೆ ಎರಡು ದಿನದಿಂದ ನನಗೂ ನಿನ್ನ ಮೇಲೆ ಕೋಪ ಇದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ನಿನ್ನ ಅಪ್ಪನಿಗೆ ನಿನ್ನೆ ಊಟದ ಹೊತ್ತಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಟ್ಟೆಯಲ್ಲಿ ಕೈಯಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದರು. ನಮ್ಮ ವಾರ್ಡಿನ್ಯಾಗ ಒಂದು ತಿಂಗಳ ಪಗಾರ ಬರಲಿಲ್ಲಂದ್ರ ಮರುದಿನ ಒಬ್ಬ ನರ್ಸ್ ಇರೂದಿಲ್ಲ, ಅವರು ಇಷ್ಟು ತಿಂಗಳಾದ್ರೂ ಯಾಕ ಅಲ್ಲೇ ಅದಾರ ಅಂದರು. ಅವರಿಗೆ ಪುಣ್ಯ ಬರಲಿ ಅಂತ ಇರಬೇಕು ಎಂದು ನಾನು ಏನೋ ಅಂದೆ. ಅಲ್ಲ ವತ್ಸಲಾ, ನೀವಿಬ್ರೂ ಅವರನ್ನ ಹಿಡಿದಿಟ್ಟೀರಿ ಅಂದರು. ಇಲ್ಲದ ರೊಕ್ಕಕ್ಕ ಯಾರಾದ್ರೂ ಇಷ್ಟು ಚೌಕಾಶಿ ಮಾಡ್ತಾರೇನು, ಸಹಿ ಕೇಳ್ತಾರಂದ್ರ ರೊಕ್ಕ ಇರಲೇಬೇಕು ಅಂತ ಅವರು ತಿಳ್ಕೊಂಡಾರ ಅಂದರು. ಆಮೇಲೆ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅವರು ತಟ್ಟೆ ತೊಳೆದರೆ ಎಷ್ಟು ನೊಂದಿದ್ದಾರೆ ಎಂದು ನಿನಗೆ ಗೊತ್ತಲ್ಲ.

ಅದಕ್ಕೇ ಹೇಳುತ್ತೇನೆ, ನನ್ನ ಹತ್ತಿರ ಐದನೆಯ ಆಕ್ಷೇಪಣೆ ಇಲ್ಲ. ಹುಡುಕಿದರೆ ಸಿಗುತ್ತದೆ. ಸುಳ್ಳು ಯಾಕೆ ಹೇಳಲಿ, ನಿನ್ನ ಇಮೇಲ್ ಓದಿ ಮುಗಿಸುವ ಮೊದಲೇ ಒಂದು ಹೊಳೆದಿತ್ತು, ಅಭ್ಯಾಸ ಬಲ. ಅದನ್ನು ಹೇಳುವುದಿಲ್ಲ. ಬದಲಿಗೆ ಒಂದು ಕರಡು ಕೊಡುತ್ತೇನೆ. ಮೇಟ್ರನ್ ರೆಬೆಕಾ ಅವರಿಗೆ. ನಿಮ್ಮ ಬಿಲ್ಲು ಸರಿಯಾಗಿದೆ. ಮೊದಲ ಸಲವೇ ಸರಿಯಾಗಿತ್ತು. ಖಜಾನೆಯಲ್ಲಿ ಹಣವಿಲ್ಲ, ಯಾವಾಗ ಬರುತ್ತದೆ ಎಂದು ನಮಗೆ ತಿಳಿಯದು. ದಯವಿಟ್ಟು ಈ ದಾರಿಯಲ್ಲಿ ಮತ್ತೆ ಬರಬೇಡಿ. ಇಷ್ಟೇ. ವಿಷಯ, ಉಲ್ಲೇಖ ಏನೂ ಬೇಡ. ಇದನ್ನು ಇಂಗ್ಲಿಷಿಗೆ ಮಾಡಿ ಇವತ್ತೇ ಕಾರ್ಯದರ್ಶಿಗಳ ಮುಂದೆ ಇಡು. ಅವರು ಸಹಿ ಹಾಕದಿದ್ದರೆ ನೀನೇ ಹಾಕು. ಹೇಗಾದರೂ ಮಾಡಿ ಆಕೆ ಹೊರಡುವ ಮುಂಚೆ ಮುಟ್ಟಿಸು.

ನಿನ್ನನ್ನು ಅಲ್ಲಿಂದ ಓಡಿಸಬಹುದು. ಓಡಿಸಲಿ. ನಿನ್ನ ರೂಮಿನ ಹೀಟಿಂಗ್ ರಿಪೇರಿ ಮಾಡಿಸಿದ್ದೇನೆ, ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದೇನೆ. ನೀನು ಬರಲಿ ಎಂದೇ ಈ ಪಾಠ ಹೇಳುತ್ತಿದ್ದೇನೆ ಎಂದು ಅನುಮಾನ ಪಡಬೇಡ. ನೀನು ಬಂದರೆ ಸಂತೋಷವೇ, ಅದನ್ನೇಕೆ ಮುಚ್ಚಿಡಲಿ. ಆದರೆ ಬರಿಗಾಲಲ್ಲಿ ಬಂದ ಆ ಹೆಂಗಸು ನನ್ನ ವಯಸ್ಸಿನವರು ಎಂದು ಹಿಂದೊಮ್ಮೆ ನೀನೇ ಬರೆದಿದ್ದೆ. ಮಳೆ ಶುರುವಾದರೆ ಆ ರಸ್ತೆ ಇನ್ನೂ ಕೆಡುತ್ತದೆ ಎಂದೂ ಬರೆದಿದ್ದೆ. ಬೂಟು ಬಿಚ್ಚಿಸಿಕೊಂಡವರು ಮುಂದಿನ ಸಲ ಏನು ಕೇಳುತ್ತಾರೋ ನಾನು ಯೋಚಿಸಲಾರೆ.

ನಿನ್ನ ಊಟ ನಿದ್ದೆ ನೋಡಿಕೋ. ನೀರು ಕುದಿಸಿ ಕುಡಿ. ನನ್ನ ಮೇಲೆ ಸಿಟ್ಟಿದ್ದರೂ ಇದನ್ನು ಪೂರ್ತಿ ಓದು.

ನಿನ್ನನ್ನು ಬೈಯುವ ಹಕ್ಕು ಇನ್ನೂ ಉಳಿಸಿಕೊಂಡಿರುವ,
ಅಮ್ಮ
ವತ್ಸಲಾ

ಮತ್ತೆ: ಈ ಕೊನೆಯ ಮಾತನ್ನು ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಕ್ಯಾನರಿನ ಮುಂದೆ ಕ್ಯೂ ಇದೆ. ಬರುವ ದಾರಿಯಲ್ಲಿ ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಆಕ್ಷೇಪಣೆ ಹುಡುಕಲೆಂದು ನೀನು ನನಗೆ ಕಳಿಸಿದ್ದ ಆ ಆಸ್ಪತ್ರೆಯ ಪತ್ರದ ಕೆಳಗೆ ಒಂದು ಫೋನ್ ನಂಬರ್ ಇತ್ತಲ್ಲ. ಹೈ ಸ್ಟ್ರೀಟಿನ ಅಂಗಡಿಯಲ್ಲಿ ಹೊರದೇಶಕ್ಕೆ ಫೋನು ಮಾಡುವ ಕಾರ್ಡು ತೆಗೆದುಕೊಂಡು, ಹೊರಗೆ ಬೆಂಚಿನ ಮೇಲೆ ಕೂತು ಆ ನಂಬರಿಗೆ ಮಾಡಿದೆ. ಮೂರ್ನಾಲ್ಕು ಸಲ ಆದ ಮೇಲೆ ಒಬ್ಬ ಹುಡುಗಿ ಎತ್ತಿದಳು, ನರ್ಸಂತೆ, ನಿನಗಿಂತ ಚಿಕ್ಕ ಧ್ವನಿ. ಮೇಟ್ರನ್ ನಿನ್ನೆ ಬೆಳಿಗ್ಗೆಯೇ ಹೊರಟರಂತೆ. ಈ ಸಲ ಏನೂ ಕೊರತೆ ಕಾಣಬಾರದೆಂದು ಆಸ್ಪತ್ರೆಯ ಹಾಜರಿ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ, ಮೊಹರನ್ನೂ ಇಂಕಿನ ಡಬ್ಬಿಯನ್ನೂ ಇಟ್ಟುಕೊಂಡು ಹೋಗಿದ್ದಾರಂತೆ. ಖಜಾನೆಯವರು ಏನು ಕೇಳಿದರೂ ಅಲ್ಲೇ ಮಾಡಿಕೊಡಬಹುದು ಎಂದರಂತೆ. ಆದ್ದರಿಂದ ನನ್ನ ಕರಡಿನಿಂದ ಇನ್ನು ಪ್ರಯೋಜನವಿಲ್ಲ. ಶುಕ್ರವಾರದವರೆಗೆ ಕಾಯಬೇಡ, ಗುರುವಾರದಿಂದಲೇ ಗೇಟಿನ ಹತ್ತಿರ ನಿಂತಿರು. ಬಂದರೆ ಫೈಲು ಕೇಳಬೇಡ, ಮೊದಲು ಕುರ್ಚಿ ಕೊಡು.

ಆ ಹುಡುಗಿ ನೀವು ಯಾರು ಎಂದು ಕೇಳಿದಳು. ಖಜಾನೆಯಿಂದ ಎಂದುಬಿಟ್ಟೆ. ಹಣವಿಲ್ಲ ಎಂದೂ ಹೇಳಿದೆ. ನಿನ್ನ ಕೆಲಸ ಹೋದರೆ ಇದರಿಂದಲೇ ಹೋಗುತ್ತದೆ. ಅವಳ ಹಿಂದೆ ಯಾವುದೋ ಮಗು ಅಳುತ್ತಿತ್ತು. ಅವಳು ಬಹಳ ಮರ್ಯಾದೆಯಿಂದ, ಹಾಗಾದರೆ ನಾವು ಮನೆಗೆ ಹೋಗಬಹುದಾ ಮೇಡಂ ಎಂದು ಕೇಳಿದಳು. ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ, ನಿಖಿತಾ, ಆ ಮಗು ಅಳುತ್ತಲೇ ಇತ್ತು. ಮೇಟ್ರನ್ ಸಹಿಯಿಲ್ಲದೆ ಯಾರೂ ಹೋಗುವ ಹಾಗಿಲ್ಲ, ಅವರು ವಾಪಸ್ ಬರುವವರೆಗೆ ಇರಿ ಎಂದೆ. ಅವಳು ಸರಿ ಮೇಡಂ ಎಂದು ಫೋನಿಟ್ಟಳು.