ಐದನೇ ಪ್ಯಾನೆಲ್

ಫೆಬ್ರವರಿ 3

ಇವತ್ತೂ ಬಲಗೈ ಮೇಲೇಳಲಿಲ್ಲ. ಅಕ್ಕನೇ ತಲೆ ಬಾಚಿದಳು. ಬಾಚುತ್ತಾ ಒಂದೇ ಸಮ ಗೊಣಗಾಟ — "ನಲವತ್ತಾಯ್ತು, ಇನ್ನೂ ಒಂದನೇ ಕ್ಲಾಸಿನ ಹುಡುಗಿ ಥರ ಜಡೆ ಹಾಕಿಸ್ಕೊಳ್ತಾಳೆ ನೋಡು."

ಚಳಿಗೆ ಬಲಗಡೆಯ ಎದೆ ಇನ್ನೂ ಗಟ್ಟಿ. ಒಳಗೆ ತಟ್ಟೆ ಇಟ್ಟು ಹೊಲಿದ ಹಾಗೆ. ಮುಟ್ಟಿದರೆ ತಣ್ಣಗೆ. ಎಡಗಡೆಯದು ಜಾರಿ ಪಕ್ಕಕ್ಕೆ ವಾಲಿದೆ. ಒಂದು ಆಕಾಶ ನೋಡುತ್ತೆ, ಇನ್ನೊಂದು ಬಸ್‌ಸ್ಟಾಪ್ ನೋಡುತ್ತೆ — ಇದು ಅಕ್ಕನ ತಮಾಷೆ. ನಾನು ನಗದಿದ್ದರೆ ಅವಳು ಅಳುತ್ತಾಳೆ. ಅದಕ್ಕೇ ನಗುತ್ತೇನೆ.

ಗಂಡ ಅನ್ನಿಸಿಕೊಂಡವನಿಗೆ ದೊಡ್ಡ ಎದೆ ಬೇಕಿತ್ತು. ಆಪರೇಷನ್ ಮಾಡಿಸಿ ಸಿಲಿಕೋನ್ ಚೀಲ ಹಾಕಿಸಿಕೊಂಡೆ. ಅವನು ಹೋದ, ಇವು ಉಳಿದವು. ಹದಿನಾಲ್ಕು ವರ್ಷವಾಯಿತು.

ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ದಿನವಿಡೀ ಕಂಪ್ಯೂಟರಿನಲ್ಲಿ ಒಂದು ಶಾಲೆಯ ಬ್ಯಾನರ್. ಹೆಡ್‌ಮಾಸ್ಟರು ಪ್ರಿಂಟಿಗೆ ಮುಂಚಿನ ಪ್ರೂಫ್ ನೋಡಿದರು. "ನನ್ನ ಕೆನ್ನೆ ಸ್ವಲ್ಪ ತುಂಬ್ಸಿ" ಎಂದರು, ಓಕೆ ಎಂದರು, ಹೋದರು. ಶಾಲೆಯ ಹೆಸರಿನಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ನಾನೇ ಸರಿಮಾಡಿದೆ. ಯಜಮಾನರಿಗೆ ನಗು. "ಜನ ಪ್ರೂಫಲ್ಲಿ ಮೊದ್ಲು ತಮ್ಮ ಮುಖ ನೋಡ್ಕೋತಾರೆ ತಾಯಿ. ಆಮೇಲೆ ತಮ್ಮ ಹೆಸರು. ಆಮೇಲೆ ಸೀದಾ ಓಕೆ." ಅವರ ತಲೆಯ ಮೇಲೆ ಗೋಡೆಯಲ್ಲಿ ಅವರದೇ ಬೋರ್ಡು: ಓಕೆ ಆದ ಮೇಲೆ ತಪ್ಪಿಗೆ ನಾವು ಹೊಣೆಯಲ್ಲ.

ಫೆಬ್ರವರಿ 6

ದೊಡ್ಡ ಆರ್ಡರು. ಎಂಟು ಪ್ಯಾನೆಲ್, ಆಳೆತ್ತರದವು. ಬ್ಯೂಟಿ ಸರ್ಜರಿ ಕ್ಲಿನಿಕ್ಕಿಗೆ ಇಪ್ಪತ್ತೈದು ವರ್ಷವಂತೆ. ಹೋಟೆಲಿನ ಹಾಲ್‌ನಲ್ಲಿ ಸಮಾರಂಭವಂತೆ.

ಹೆಸರನ್ನು ಎರಡು ಸಲ ಓದಿದೆ. ಅವನ ಕ್ಲಿನಿಕ್. ನನ್ನನ್ನು ಕೊಯ್ದವನು.

ಅವನು ಬರಲಿಲ್ಲ. ಮ್ಯಾನೇಜರಮ್ಮ ಪೆನ್‌ಡ್ರೈವ್ ತಂದಿದ್ದರು. ಮೊದಲ ಪ್ಯಾನೆಲ್ ಪೂರ್ತಿ ಅವನ ಫೋಟೋ, ಕೆಳಗೆ "ಸೌಂದರ್ಯದ ಶಿಲ್ಪಿ" ಎಂದು ಹಾಕಬೇಕು. ಸರಿ, ಇನ್ನು ಇಲ್ಲಿ ಅವನ ಹೆಸರು ಶಿಲ್ಪಿ.

"ಐದನೇದ್ರಲ್ಲಿ ಮೂರು ಮಚ್ಚೆ ಇದೆ ನೋಡಿ, ತೆಗ್ದುಬಿಡಿ. ಕ್ಲೀನಾಗಿ ಕಾಣ್ಲಿ" ಎಂದರು ಹೋಗುವಾಗ.

ತೆರೆದೆ. ಕುತ್ತಿಗೆಯಿಂದ ಸೊಂಟದವರೆಗೆ ಒಬ್ಬ ಹೆಂಗಸು. ತಲೆ ಇಲ್ಲ. ಎಡಕ್ಕೆ "ಮೊದಲು", ಬಲಕ್ಕೆ "ನಂತರ". ಮರ್ಯಾದೆಗೆಂದು ತೊಟ್ಟುಗಳ ಮೇಲೆ ಬಿಳಿ ಪಟ್ಟಿ. ಕುತ್ತಿಗೆಯ ಬುಡದಲ್ಲಿ ಮೂರು ಮಚ್ಚೆ, ಒಲೆಯ ಮೂರು ಕಲ್ಲಿನ ಹಾಗೆ ಕೂತಿವೆ. ಅಂಗಿಯ ಕಾಲರಿನೊಳಗೆ ಬೆರಳು ಹಾಕಿ ಮುಟ್ಟಿ ನೋಡಿಕೊಂಡೆ. ಇವೆ. ನಾನೇ.

"ಫೈಲಿಗೆ ಅಷ್ಟೇ, ಹೊರಗೆ ಹೋಗಲ್ಲ" ಎಂದಿದ್ದ ಫೋಟೋ ತೆಗೆಯುವಾಗ.

ಮೇಲೆ ದಪ್ಪ ಅಕ್ಷರದಲ್ಲಿ ಅವರ ಘೋಷವಾಕ್ಯ — ಜೀವನಪೂರ್ತಿ ನಿಮ್ಮೊಂದಿಗೆ.

ಅದೇ ದಿನ, ಸಂಜೆ

ಮ್ಯಾನೇಜರಮ್ಮನಿಗೆ ಫೋನ್ ಮಾಡಿದೆ. ಸೈಜ್ ಕೇಳುವ ನೆಪ. ಐದನೆಯದು ಹಳೇ ಫೋಟೋ ಅಲ್ವಾ ಎಂದೆ.

"ಅಯ್ಯೋ, ಅದು ನಮ್ಮ ಬೆಸ್ಟ್ ಕೇಸು ರೀ. ಇಷ್ಟು ವರ್ಷ ಅದನ್ನೇ ತೋರಿಸ್ತಾ ಬಂದಿರೋದು. ಅನುಮಾನ ಪಡ್ತಿರೋರು ಅದನ್ನ ನೋಡಿದ್ರೆ ಒಪ್ಕೊಂಡ್ಬಿಡ್ತಾರೆ."

ನನ್ನ ಎದೆ ತೋರಿಸಿ ಬೇರೆಯವರ ಎದೆ ಕೊಯ್ದಿದ್ದಾನೆ. ನಾನಿಲ್ಲಿ ಒಂದು ಕಡೆ ಮಲಗಲಾರದೆ, ತಲೆ ಮೇಲಿಂದ ಬಟ್ಟೆ ಹಾಕಲಾರದೆ, ಕನ್ನಡಿಗೆ ಬಟ್ಟೆ ಹೊದಿಸಿಕೊಂಡು ಬದುಕಿದ್ದೇನೆ. ಅಲ್ಲಿ ನಾನು ಬೆಸ್ಟ್ ಕೇಸು.

ಊಟದ ತಟ್ಟೆಯನ್ನು ಹಾಗೇ ಅಕ್ಕನ ಕಡೆ ತಳ್ಳಿದೆ.

ಫೆಬ್ರವರಿ 11

ಕ್ಲಿನಿಕ್ಕಿಗೆ ಹೋಗಿ ಬಂದೆ. ಬೇಕೆಂದೇ ಹೋದೆ, ಹೊಸ ಪೇಷೆಂಟ್ ಎಂದು ಬರೆಸಿ. ಗುರುತು ಹಿಡಿಯುತ್ತಾನಾ ನೋಡೋಣ ಎಂದು.

ಕಾಯುವ ಕೋಣೆಯ ಟೀವಿಯಲ್ಲಿ ನಾನು ಬಂದು ಬಂದು ಹೋಗುತ್ತಿದ್ದೆ. ಮೊದಲು, ನಂತರ. ಮೊದಲು, ನಂತರ. ಪಕ್ಕದ ಕುರ್ಚಿಯಲ್ಲಿ ಒಂದು ಹುಡುಗಿ, ಕಾಲೇಜು ಮುಗಿಸಿರಬೇಕು ಅಷ್ಟೇ. "ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ ಆಂಟಿ" ಎಂದಳು. ನಾನು ಕಾಲರನ್ನು ಮೇಲಕ್ಕೆ ಎಳೆದುಕೊಂಡೆ.

ಶಿಲ್ಪಿಯ ಕನ್ನಡಕ ಹಣೆಯ ಮೇಲಿತ್ತು. ಕಣ್ಣು ಕಂಪ್ಯೂಟರಿನಲ್ಲಿ. ಗುಂಡಿ ಬಿಚ್ಚಿ ಕೂತೆ. ಕೊಳ್ಳುವ ಮನಸ್ಸಿಲ್ಲದವರು ಹಣ್ಣು ಒತ್ತುವ ಹಾಗೆ ಎರಡು ಬೆರಳಿನಲ್ಲಿ ಒತ್ತಿದ. ಹಿಂದೆ ಎರಡು ಸಲ ನೋವೆಂದು ಬಂದಾಗಲೂ ಹೀಗೇ ಒತ್ತಿ, ಎಲ್ಲ ನಿಮ್ಮ ಮನಸ್ಸಲ್ಲಿದೆ ಎಂದು ಕಳಿಸಿದ್ದ.

"ಸ್ವಲ್ಪ ಗಟ್ಟಿ ಆಗೋದು ಸಹಜ. ತಲೆಗೆ ಹಚ್ಕೋಬೇಡಿ. ಬೇಕಾದ್ರೆ ಹೊಸ ಜೋಡಿ ಹಾಕೋಣ, ಈಗಿನವು ತುಂಬಾ ಚೆನ್ನಾಗಿವೆ."

"ಈ ಹಳೇವನ್ನ ಹಾಕಿದ್ದು ಹೇಗಿದೆ ಡಾಕ್ಟ್ರೇ?"

"ಯಾರು ಹಾಕಿದ್ರೋ ಏನೋ. ಅಷ್ಟೇನೂ ನೀಟಾಗಿ ಮಾಡಿಲ್ಲ ಬಿಡಿ."

ನಿಧಾನಕ್ಕೆ ಒಂದೊಂದೇ ಗುಂಡಿ ಹಾಕಿಕೊಂಡೆ. ಅವನದೇ ಕೆಲಸ, ಅವನದೇ ಬೆಸ್ಟ್ ಕೇಸು, ಕಣ್ಣ ಮುಂದೆ ಒಂದು ಗೇಣು ದೂರದಲ್ಲಿ. ಮೂರು ಮಚ್ಚೆ ಸಮೇತ. ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಲಿಲ್ಲ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಫೆಬ್ರವರಿ 14

ದೊಡ್ಡಾಸ್ಪತ್ರೆಗೆ ಅಕ್ಕ ಎಳೆದುಕೊಂಡು ಹೋದಳು. ಅಲ್ಲಿ ಸರ್ಜನ್ ಒಬ್ಬ ಹೆಂಗಸು, ದಪ್ಪಗೆ, ಮಾತು ಕಡಿಮೆ. ಸ್ಟೂಲ್ ಎಳೆದು ಎದುರು ಕೂತರು. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಿದರು. ಸುಮ್ಮನೆ ನೋಡಿದರು, ತುಂಬ ಹೊತ್ತು. "ಇಷ್ಟು ದಿನ ಹೇಗಮ್ಮಾ ತಡ್ಕೊಂಡ್ರಿ?"

ಅಷ್ಟಕ್ಕೇ ಅತ್ತುಬಿಟ್ಟೆ. ನಾಚಿಕೆಗೆಟ್ಟ ಹಾಗೆ, ಗೊಳೋ ಎಂದು.

ಸ್ಕ್ಯಾನ್ ಆಯಿತು. ಎಡಗಡೆಯದು ಒಳಗೇ ಒಡೆದಿದೆ, ಯಾವಾಗಲೋ. ಬಲಗಡೆಯದರ ಸುತ್ತ ಗಾಯದ ಪೊರೆ ಬಿಗಿದು ಕಲ್ಲಾಗಿದೆ. ಎರಡನ್ನೂ ತೆಗೆಯಬೇಕು. ಚಪ್ಪಟೆಯಾಗುತ್ತದೆ, ಚರ್ಮ ಜೋಲುತ್ತದೆ, ಮೊದಲಿನ ಹಾಗಾಗುವುದಿಲ್ಲ — ಮುಚ್ಚುಮರೆಯಿಲ್ಲದೆ ಹೇಳಿದರು. ಮಾರ್ಚ್ 3ಕ್ಕೆ ಆಪರೇಷನ್. ಶಿಲ್ಪಿಯ ಸಮಾರಂಭ ಫೆಬ್ರವರಿ 26ಕ್ಕೆ.

ಅಂದರೆ ಇವು ಹೀಗೇ ಇರುವುದು ಇನ್ನು ಸ್ವಲ್ಪ ದಿನ. ಆಮೇಲೆ ಅವನು ಮಾಡಿದ್ದು ಇದು ಎಂದು ತೋರಿಸಲು ಏನೂ ಉಳಿಯುವುದಿಲ್ಲ.

ಫೆಬ್ರವರಿ 16, ಭಾನುವಾರ

ಮಧ್ಯಾಹ್ನ ಕಿಟಕಿಯ ಬೆಳಕು ಚೆನ್ನಾಗಿತ್ತು. ಅಕ್ಕನ ಕೈಗೆ ಫೋನ್ ಕೊಟ್ಟೆ. ಏನು ಮಾಡುತ್ತೇನೆಂದು ಹೇಳಿದೆ. ಅವಳು ಮಂಚದ ಮೇಲೆ ಕೂತುಬಿಟ್ಟಳು.

"ಊರ ಮುಂದೆ ಎದೆ ಬಿಚ್ಚಿ ನಿಲ್ತೀಯೇನೇ?"

"ಅವನು ಇಷ್ಟು ವರ್ಷದಿಂದ ನಿಲ್ಲಿಸಿದಾನಲ್ಲಕ್ಕ."

ಅವಳು ಫೋನಿನ ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಹೋಗ್ಲಿ, ನಾಲ್ಕು ಜನಕ್ಕೆ ಎಚ್ಚರಿಕೆ ಆಗ್ಲಿ ಅಂತ ಮಾಡ್ತಿದೀನಿ ಅಂತಾದ್ರೂ ಹೇಳು. ಕೇಳೋಕೆ ಚೆನ್ನಾಗಿರುತ್ತೆ."

ಇಲ್ಲ. ಎಚ್ಚರಿಕೆ ಗಿಚ್ಚರಿಕೆ ಏನೂ ಅಲ್ಲ. ಸೇಡು. ಯಾರಿಗಾದರೂ ಉಪಯೋಗವಾದರೆ ಅದು ಅವರ ಪುಣ್ಯ. ಕನಿಷ್ಠ ಇಲ್ಲಿ ಸುಳ್ಳು ಬರೆಯುವುದಿಲ್ಲ.

ಹಳೇ ಫೋಟೋದಲ್ಲಿ ನಿಂತ ಹಾಗೇ ನಿಂತೆ. ಕೈ ಹಿಂದೆ, ಭುಜ ನೇರ. ಅಕ್ಕ ತೆಗೆದ ಮೊದಲಿನವೆಲ್ಲ ಮಸುಕು. ಮೂಗು ಒರೆಸಿಕೊಂಡು ಕೇಳಿದಳು, "ಮುಖವೇ ಬರಲ್ಲ ಅಂದ್ಮೇಲೆ ನನ್ನ ಕೈಲಿ ತಲೆ ಯಾಕೆ ಬಾಚಿಸ್ಕೊಂಡೆ?" ಇಬ್ಬರೂ ನಕ್ಕೆವು. ಆ ನಗು ನಿಂತ ಮೇಲೆ ತೆಗೆದದ್ದು ಸರಿಯಾಗಿ ಬಂತು.

ಫೆಬ್ರವರಿ 17

ಐದನೇ ಪ್ಯಾನೆಲ್ ಮುಗಿಸಿದೆ. ಇದ್ದ ಎರಡನ್ನೂ ಸ್ವಲ್ಪ ಸಣ್ಣದು ಮಾಡಿ ಎಡಕ್ಕೆ ಸರಿಸಿದೆ. ಮೂರನೆಯದಕ್ಕೆ ಜಾಗ. ಅದೇ ಚೌಕಟ್ಟು, ಅದೇ ಬಣ್ಣ, ಅದೇ ಬಿಳಿ ಪಟ್ಟಿ. ಮರ್ಯಾದೆಗೆ ನಾನೂ ಕೊರತೆ ಮಾಡಲಿಲ್ಲ. ಮೊದಲು. ನಂತರ. ಹದಿನಾಲ್ಕು ವರ್ಷದ ನಂತರ. ಮೂರರಲ್ಲೂ ಮೂರು ಮಚ್ಚೆ. ಅವನ್ನು ತೆಗೆಯಲಿಲ್ಲ.

ಆದರೆ ಯಜಮಾನರು… ನನ್ನ ಮೊದಲ ಆಪರೇಷನ್ ಆದಾಗ ನನ್ನ ಕೆಲಸವನ್ನು ಬೇರೆಯವರಿಗೆ ಕೊಡದೆ ಕಾದ ಮನುಷ್ಯ. ನಾನು ಕದ್ದುಮುಚ್ಚಿ ಪ್ರಿಂಟ್ ಹಾಕಿದರೆ ಏಟು ಅವರಿಗೆ. ಅದು ಆಗಬಾರದು. ಅದಕ್ಕೇ ಕದಿಯುವುದಿಲ್ಲ. ಎಲ್ಲರಿಗೂ ಕಳಿಸುವ ಹಾಗೆ ಎಂಟೂ ಪ್ಯಾನೆಲ್ ಪ್ರೂಫ್ ಕಳಿಸುತ್ತೇನೆ, ಆರ್ಡರ್ ಚೀಟಿಯಲ್ಲಿರುವ ಶಿಲ್ಪಿಯ ಫೋನಿಗೇ. ಅವನೇ ಓಕೆ ಅನ್ನಲಿ.

ಅವನು ಐದನೆಯದನ್ನು ನೋಡಿದರೆ ಅಲ್ಲಿಗೇ ಮುಗಿಯಿತು. ಕಳಿಸಿದೆ. ಫೋನನ್ನು ಮಗುಚಿಟ್ಟೆ.

ಫೆಬ್ರವರಿ 18

ಉತ್ತರ ಬಂತು. ಧ್ವನಿ ಸಂದೇಶ. "ಒಂದನೇದ್ರಲ್ಲಿ ನನ್ನ ಕಿವಿ ಹತ್ರ ಕೂದಲು ಬೆಳ್ಳಗಿದೆ. ಕಪ್ಪು ಮಾಡಿ."

ಅಷ್ಟೇ. ಎರಡು ಸಲ ಕೇಳಿಸಿಕೊಂಡೆ.

ಕಪ್ಪು ಮಾಡಿದೆ. ತುಂಬ ಚೆನ್ನಾಗಿ ಮಾಡಿದೆ.

ಫೆಬ್ರವರಿ 20

ಎರಡನೇ ಪ್ರೂಫ್. "ಗಲ್ಲದ ಕೆಳಗೆ ಸ್ವಲ್ಪ ಕಮ್ಮಿ ಮಾಡಿ. ಡಿಗ್ರಿಗಳ ಅಕ್ಷರ ದಪ್ಪ ಬರ್ಲಿ." ಅವನ ಜೋಲುಗಲ್ಲವನ್ನು ನಾನು ಕೊಯ್ದೆ. ರಕ್ತವಿಲ್ಲ, ನೋವಿಲ್ಲ. ಈ ಅಂಗಡಿಯಲ್ಲೂ ಒಬ್ಬ ಶಿಲ್ಪಿ ಇದ್ದಾಳೆ.

ಮಧ್ಯಾಹ್ನ ಮಾತ್ರ ಒಂದು ಕ್ಷಣ ಧೈರ್ಯ ಕುಸಿಯಿತು. ಮೂರನೇ ಫೋಟೋದ ಮೇಲೆ ಮೌಸಿನ ಬಾಣ ಇಟ್ಟು ಕೂತೆ, ಅಳಿಸಲಾ ಎಂದು. ಇದು ನಾನು ಅಕ್ಕನಿಗೂ ಸರಿಯಾಗಿ ತೋರಿಸದೇ ಇದ್ದ ಮೈ. ನಾಲ್ಕು ಜನ ಜ್ಯೂಸ್ ಕುಡಿಯುತ್ತಾ ನೋಡುತ್ತಾರೆ. ಬೇಡ ಅನ್ನಿಸಿತು. ಆಗ ಆ ಕಾಯುವ ಕೋಣೆಯ ಟೀವಿ ನೆನಪಾಯಿತು. ಬಾಣ ಸರಿಸಿದೆ.

ನಿಜ ಹೇಳಬೇಕೆಂದರೆ ಅವನು ನೋಡಿಬಿಡಲಿ ಎಂದೂ ಆಸೆಯಿದೆ. ನೋಡಿ, ಫೋನ್ ಮಾಡಿ, ಇದು ಯಾರಮ್ಮಾ, ಇವರಿಗೆ ಏನಾಯ್ತು ಎಂದು ಕೇಳಿದರೆ… ಕೇಳಿದರೆ ಬಹುಶಃ ತೆಗೆದುಬಿಡುತ್ತಿದ್ದೆ.

ಫೆಬ್ರವರಿ 22

ಮೂರನೆಯ ಪ್ರೂಫ್. ಈ ಸಲ ಒಂದು ಸಾಲು ಬರೆದೂ ಕಳಿಸಿದೆ — "ಎಂಟೂ ಪ್ಯಾನೆಲ್ ದಯವಿಟ್ಟು ಇನ್ನೊಮ್ಮೆ ನೋಡಿ."

ಎತ್ತಿದ ಹೆಬ್ಬೆರಳಿನ ಚಿತ್ರ ಬಂತು. ಹಿಂದೆಯೇ, "ಈಗ ಚೆನ್ನಾಗಿ ಕಾಣ್ತಿದೀನಿ. ಎಲ್ಲಾ ಓಕೆ. ಪ್ರಿಂಟ್ ಹಾಕಿ."

ಸಾಕು. ಇನ್ನು ಕರುಣೆ ಇಲ್ಲ.

ಫೆಬ್ರವರಿ 24

ಐದನೆಯದು ಮೆಷಿನ್ನಿನಿಂದ ಅಡ್ಡಲಾಗಿ ಇಳಿಯುವಾಗ ಯಜಮಾನರು ಪಕ್ಕದಲ್ಲೇ ಇದ್ದರು. ಮೊದಲು ಬಂತು, ನಂತರ ಬಂತು. ಮೂರನೆಯದು ನಿಧಾನಕ್ಕೆ ಇಳಿಯಿತು. ಯಜಮಾನರು ಕನ್ನಡಕ ಒರೆಸಿ ಹಾಕಿಕೊಂಡರು. ಫೋಟೋ ನೋಡಿದರು. ನನ್ನ ಕುತ್ತಿಗೆಯ ಹತ್ತಿರ ಒಂದು ಸಲ ನೋಡಿ ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದರು. ಗೊತ್ತಾಯಿತು ಅವರಿಗೆ.

"ಓಕೆ ಬಂದಿದೆಯಾ?"

"ಬಂದಿದೆ. ಮೂರು ಸಲ ಪ್ರೂಫ್ ಆದ್ಮೇಲೆ."

ಫೋನ್ ತೋರಿಸಿದೆ. ಅವನ ಧ್ವನಿ ಕೇಳಿಸಿದೆ. ಗಲ್ಲದ ಮಾತಿಗೆ ಅವರ ತುಟಿ ಸ್ವಲ್ಪ ಕೊಂಕಿತು. ಮೆಷಿನ್ ಸದ್ದು ಮಾಡುತ್ತಲೇ ಇತ್ತು. ನಿಲ್ಲಿಸುತ್ತಾರೆ ಎಂದುಕೊಂಡೆ.

"ಲ್ಯಾಮಿನೇಷನ್ ದಪ್ಪದ್ದು ಹಾಕು ತಾಯಿ. ಯಾರಾದ್ರೂ ಎಳೆದ್ರೆ ಹರೀಬಾರ್ದು."

ಸಂಜೆ ಎಲ್ಲ ಸುತ್ತಿಟ್ಟಾಗ ಐದನೆಯ ರೋಲನ್ನು ಅವರೇ ಹೊತ್ತುಕೊಂಡು ಹೋಗಿ ವ್ಯಾನಿನಲ್ಲಿ ಮಲಗಿಸಿದರು.

ಫೆಬ್ರವರಿ 26, ಬೆಳಗ್ಗೆ ಹತ್ತೂಕಾಲು

ಹೋಟೆಲಿನ ಹಾಲ್. ಸ್ಪೀಕರ್ ಡಬ್ಬಗಳ ಹಿಂದೆ ಒಂದು ಕುರ್ಚಿ ಸಿಕ್ಕಿದೆ, ಅಲ್ಲೇ ಕೂತು ಬರೆಯುತ್ತಿದ್ದೇನೆ. ಪ್ಯಾನೆಲ್ ನಿಲ್ಲಿಸಲು ಅಂಗಡಿಯಿಂದ ಬಂದವಳು, ಯಾರೂ ಏನೂ ಕೇಳುವುದಿಲ್ಲ. ಎಂಟನ್ನೂ ಸಾಲಾಗಿ ನಿಲ್ಲಿಸಿ ಬಿಳಿ ಬಟ್ಟೆ ಹೊದಿಸಿದ್ದೇವೆ, ಮ್ಯಾನೇಜರಮ್ಮ ಹೇಳಿದ ಹಾಗೆ.

ಹಾಲ್ ತುಂಬುತ್ತಿದೆ. ಡಾಕ್ಟರುಗಳೇ ಎಲ್ಲ, ಕೊರಳಲ್ಲಿ ಕಾರ್ಡು. ಆ ಕಾಯುವ ಕೋಣೆಯ ಹುಡುಗಿಯೂ ಬಂದಿದ್ದಾಳೆ, ಅಮ್ಮನ ಜೊತೆ, ಮೂರನೇ ಸಾಲು. ಅವಳನ್ನು ಯಾರು ಕರೆದರೋ. ಒಳ್ಳೆಯದಾಯಿತು.

ಬಲಗೈ ನೋಯುತ್ತಿದೆ. ಇರಲಿ.

ಶಿಲ್ಪಿ ಬಂದ. ಫೋಟೋಗಿಂತ ವಯಸ್ಸಾಗಿದೆ, ನಾನು ಕೊಯ್ದ ಜೋಲುಗಲ್ಲ ಅದರ ಜಾಗದಲ್ಲೇ ಇದೆ. ಜೊತೆಗೆ ಅವನ ಗುರುಗಳು, ಮುಖ್ಯ ಅತಿಥಿ. ತುಂಬ ಹಣ್ಣಾದ ಮನುಷ್ಯ. ಕೈ ಹಿಂದೆ ಕಟ್ಟಿಕೊಂಡು ನಿಧಾನ ನಡೆಯುತ್ತಾರೆ. ಚಪ್ಪಾಳೆ. ಬಟ್ಟೆ ಎಳೆದರು.

ಒಂದರ ಮುಂದೆ ನಿಂತರು. ಶಿಲ್ಪಿ ತನ್ನನ್ನು ತಾನು ನೋಡಿಕೊಂಡ. ಎರಡು. ಮೂರು. ಗುರುಗಳು ಪ್ಯಾನೆಲ್ ನೋಡುತ್ತಾರೆ, ಶಿಲ್ಪಿ ಗುರುಗಳ ಮುಖ ನೋಡುತ್ತಾ ಮಾತಾಡುತ್ತಾನೆ. ನಾಲ್ಕು. ಮಾತು, ಮಾತು.

ಐದು. ಗುರುಗಳು ನಿಂತರು. ಹತ್ತಿರ ಹೋದರು. ಬಗ್ಗಿದರು. ಮೊದಲಿನಿಂದ ಕೊನೆಯವರೆಗೆ ಬೆರಳು ಆಡಿಸಿದರು, ಮತ್ತೆ ಕೊನೆಯದಕ್ಕೆ ಬಂದರು. ಏನೋ ಕೇಳಿದರು. ಹಾಲ್‌ನಲ್ಲಿ ಜನ ಕುತ್ತಿಗೆ ಚಾಚುತ್ತಿದ್ದಾರೆ. ಆ ಹುಡುಗಿ ಎದ್ದು ನಿಂತಿದ್ದಾಳೆ.

ಶಿಲ್ಪಿ ನಗುತ್ತಲೇ ತಿರುಗಿದ. ನಗು ಹಾಗೇ ಇದೆ ಇನ್ನೂ. ಕೈ ಹಣೆಗೆ ಹೋಯಿತು. ಕನ್ನಡಕ ಇಳಿಸಿ ಮೂಗಿನ ಮೇಲೆ ಇಟ್ಟುಕೊಳ್ಳುತ್ತಿದ್ದಾನೆ