ಹುಟ್ಟದ ಮಗನನ್ನು ಹುಡುಕುತ್ತಿರುವ ಕಚೇರಿಗೆ

ಮಾನ್ಯ ಪರವಾನಗಿ ಅಧಿಕಾರಿಗಳೇ,

ನನ್ನ ಮಗ ಸುಲೇಮಾನ್ ತಲೆಮರೆಸಿಕೊಂಡಿದ್ದಾನೆ, ಆದ್ದರಿಂದ ನನ್ನ ಗಂಡ ಜೆರುಸಲೇಮಿನ ಕಣ್ಣಾಸ್ಪತ್ರೆಗೆ ಹೋಗುವಂತಿಲ್ಲ ಎಂದು ತಾವು ಮತ್ತೊಮ್ಮೆ ತಿಳಿಸಿದ್ದೀರಿ. ಸ್ವಾಮಿ, ನನಗೆ ಮಗನೇ ಇಲ್ಲ.

ತಮ್ಮವರಿಗೆ ಅರಬ್ಬಿ ಬರುತ್ತದೆ. ಬಂದದ್ದೇ ನಮಗೆ ಮುಳುವಾಯಿತು. ‘ಅಬೂ’ ಎಂದರೆ ತಂದೆ ಎಂಬಲ್ಲಿಗೆ ಅವರ ಪಾಠ ಮುಗಿದಿರಬೇಕು. ನಮ್ಮಲ್ಲಿ ದಾವೂದ್ ಎಂಬ ಹೆಸರಿನವನನ್ನು ಮೀಸೆ ಮೂಡುವ ಮೊದಲೇ ಅಬೂ ಸುಲೇಮಾನ್ ಎನ್ನುತ್ತಾರೆ. ಪ್ರವಾದಿ ದಾವೂದರ ಮಗ ಸುಲೇಮಾನ್ ಅಲ್ಲವೇ, ಅದಕ್ಕೆ. ದಾವೂದ್ ಎಂಬ ಹೆಸರಿನ ನನ್ನ ಗಂಡ ಭೂಗೋಳದ ಮೇಷ್ಟ್ರಾಗಿದ್ದಾಗಲೂ, ತಮ್ಮ ಜೈಲಿನಲ್ಲಿ ಕೈದಿಗಳಿಗೆ ಅಕ್ಷರ ಕಲಿಸಿದಾಗಲೂ, ನಮ್ಮವರ ಸರ್ಕಾರದ ಶಿಕ್ಷಣ ಮಂತ್ರಿಯಾಗಿ ತಮ್ಮ ಹಿರಿಯರೆದುರು ಸಂಧಾನಕ್ಕೆ ಕುಳಿತಾಗಲೂ ಅಬೂ ಸುಲೇಮಾನರೇ. ಆಗ ಕೈಕುಲುಕಿದವರು ಯಾರೂ ಮಗನೆಲ್ಲಿ ಎಂದು ಕೇಳಲಿಲ್ಲ. ಅಂದಹಾಗೆ, ನಾವಿರುವ ಊರು ಅಬೂ ದೀಸ್. ದೀಸ್ ಎಂಬ ಹುಡುಗನ ಮೇಲೂ ವಾರಂಟ್ ಹೊರಟಿದೆಯೇ?

ಕಳೆದ ವಾರ ಗಂಡನ ಕೈಹಿಡಿದು ತಮ್ಮ ಕಿಟಕಿಗೆ ಕರೆತಂದೆ. ಗಾಜಿನಾಚೆಯ ಸೈನಿಕ ಕೇಳಿದ, “ಸುಲೇಮಾನ್ ಎಲ್ಲಿದಾನೆ?”

ಇವರಿಗೋ ತಮಾಷೆ. “ನಾನೂ ಹುಡುಕ್ತಾನೇ ಇದೀನಿ ಕಣಪ್ಪಾ. ನಿಂಗೆ ಸಿಕ್ರೆ ಬೇಗ ಮನೆಗೆ ಕಳ್ಸು. ಇವಳು ಬೈದು ಬೈದು ನಡೆಸ್ತಾಳೆ.”

“ಸುಮ್ನಿರ್ರೀ! ಅವನು ಬರ್ಕೋತಾ ಇದಾನೆ!” ಎಂದೆ.

“ಬರ್ಕೊಳ್ಲಿ ಬಿಡೇ. ನನ್ನ ಮಾತು ಬರ್ಕೊಳ್ಳೋ ಹುಡುಗ ಸಿಕ್ಕಿ ಎಷ್ಟು ಕಾಲ ಆಯ್ತು!”

ಬರೆದುಕೊಂಡದ್ದು ಇಷ್ಟು: ಮಗ ಪರಾರಿಯಾಗಿರುವುದನ್ನು ತಂದೆಯೇ ಒಪ್ಪಿದ್ದಾನೆ. ಅಂಥ ಮಗನೇ ಇಲ್ಲವೆಂದು ನಾನು ಕೂಗಿಕೊಂಡೆ. ಇಲ್ಲವಾದರೆ ಅವನ ಮರಣ ಪ್ರಮಾಣಪತ್ರ ತನ್ನಿ ಎಂದರು. ಹುಟ್ಟದವನನ್ನು ಎಲ್ಲಿ ಹೂಳಿ ಬರಲಿ?

ಮಗುವಿಗಾಗಿ ನಾನು ಮಾಡದ ಪ್ರಾರ್ಥನೆಯಿಲ್ಲ. ಕೊನೆಗೆ ಅತ್ತು ಅತ್ತು ಸುಮ್ಮನಾದೆ. ಈ ಮುದಿ ವಯಸ್ಸಿನಲ್ಲಿ ತಮ್ಮ ಕಚೇರಿ ನನಗೊಬ್ಬ ಮಗನನ್ನು ದಯಪಾಲಿಸಿ, ಹಿಂದೆಯೇ ಪೊಲೀಸರನ್ನೂ ಅಟ್ಟಿದೆ. ನನಗೆ ಇದು ನಗುವ ವಿಷಯವಲ್ಲ.

ನಮ್ಮ ಮಾಳಿಗೆಯಿಂದ ಆಸ್ಪತ್ರೆ ಕಾಣುತ್ತದೆ. ನಡುವೆ ತಾವು ಕಟ್ಟಿದ ಗೋಡೆ. ಮೊದಲು ಇವರೇ ಬೆರಳು ಮಾಡಿ ತೋರಿಸುತ್ತಿದ್ದರು. ಈಗ “ಇನ್ನೂ ಅಲ್ಲೇ ಇದೆಯೇನೇ?” ಎಂದು ನನ್ನನ್ನು ಕೇಳುತ್ತಾರೆ. ಆಲಿವ್ ಕೊಯ್ಲಿಗೆ ಮುಂಚೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಉಳಿದ ದೃಷ್ಟಿಯೂ ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದಿದ್ದಾರೆ ವೈದ್ಯರು. ಕಾಯಿಗಳು ಆಗಲೇ ಬಣ್ಣ ತಿರುಗುತ್ತಿವೆ.

ಆದ್ದರಿಂದ ಪರವಾನಗಿ ಕೊಡಿ, ಈ ವಾರವೇ ಕೊಡಿ. ಆಗದೆಂದರೆ ಸುಲೇಮಾನನನ್ನಾದರೂ ಹಿಡಿದು ತನ್ನಿ. ಜೈಲಿಗೆ ಒಯ್ಯುವ ಮುನ್ನ ಒಂದು ಗಳಿಗೆ ನಮ್ಮ ಮನೆ ಬಾಗಿಲಲ್ಲಿ ನಿಲ್ಲಿಸಿ. ಕಣ್ಣು ಪೂರ್ತಿ ಹೋಗುವ ಮೊದಲು ಅವನಪ್ಪ ಒಮ್ಮೆ ಮಗನ ಮುಖ ನೋಡಲಿ.

ಇಂತಿ,
ತಮ್ಮ ಕಡತದಲ್ಲಷ್ಟೇ ತಾಯಿಯಾದ
ಉಮ್ಮ್ ಸುಲೇಮಾನ್
ಅಬೂ ದೀಸ್, ಗೋಡೆಯ ಈಚೆ