ಇದ್ದಾಳೆ ಎಂದರು

ಮಾರ್ಚ್ ೧೪, ಶುಕ್ರವಾರ. ದ್ವೀಪದಲ್ಲಿ ಎರಡನೇ ದಿನ.

ಇವರು ತಿರುಗಿ ನೋಡಲಿಲ್ಲ. ಬೆಳಗಿನಿಂದ ಅದೊಂದೇ ತಲೆ ತಿನ್ನುತ್ತಿದೆ.

ನಮ್ಮ ಚಾರಣದಲ್ಲಿ ಒಂದು ನಿಯಮವಿದೆ. ಪ್ರತಿ ನಿಲುಗಡೆಯಲ್ಲೂ ನಮ್ಮ ಹಾಜರಿಯನ್ನು ನಾವು ಹೇಳುವಂತಿಲ್ಲ, ಜೊತೆಗಾರರದ್ದನ್ನು ಹೇಳಬೇಕು. ಜ್ವಾಲಾಮುಖಿಯ ಬಾಯಿಗೆ ಇನ್ನೊಂದೇ ತಿರುವು ಇರುವಾಗ, ಬೂಟಿನೊಳಗೆ ಸೇರಿದ ಕರಿಬೂದಿ ಕೊಡವಲು ನಾನು ಕುಳಿತೆ. ಮೇಲೆ ನಿಂತಿದ್ದ ಇವರ ಬೆನ್ನು ಕಾಣುತ್ತಿತ್ತು.

"ನಿಮ್ಮ ಮಿಸೆಸ್ಸು ಸಾರ್?" ಎಂದ ಗೈಡ್.

"ಇದ್ದಾಳೆ," ಎಂದರು.

ಕೂಗಬಹುದಿತ್ತು. ಕೂಗದೆ ಕಾದೆ. ಅವರನ್ನು ಪರೀಕ್ಷೆ ಮಾಡುತ್ತಿದ್ದೆನೆ? ಗುಂಪು ಹೊರಟ ಸದ್ದು ಕೇಳಿದ ಮೇಲೆ ಎದ್ದು ಓಡಿದೆ.

ಕೆಳಗಿನಿಂದ ಓಡಿಬಂದ ನನ್ನನ್ನು ಕಂಡು ಗೈಡ್ ಇವರ ಮೇಲೆ ರೇಗಿದ. "ಸುಮ್ನೆ ಇದ್ದಾಳೆ ಅಂದ್ಬಿಟ್ರಲ್ಲ ಸಾರ್! ಇಲ್ಲಿ ಹೊಗೆ ಎದ್ರೆ ಪಕ್ಕದಲ್ಲಿರೋರೇ ಕಾಣಲ್ಲ."

"ಇಪ್ಪತ್ತು ವರ್ಷದಿಂದ ಹಿಂದೇನೇ ಬರ್ತಿದಾಳಪ್ಪ, ಇನ್ನೆಲ್ಲಿಗೆ ಹೋಗ್ತಾಳೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಚಾರಣಕ್ಕೆ ಇಬ್ಬರ ಹೆಸರನ್ನೂ ಬರೆಸಿದ್ದು ನಾನೇ. ಮನೆಯಲ್ಲಿ ನಿಂತುಹೋದ ಮಾತು ದಾರಿಯಲ್ಲಾದರೂ ಹೊರಡಬಹುದು ಎಂದುಕೊಂಡಿದ್ದೆ.

ಮಲಗುವ ಮೊದಲು, "ಕಾಲು ನೋಯ್ತಿದೆಯಾ? ಮುಲಾಮು ನನ್ನ ಬ್ಯಾಗಲ್ಲಿದೆ ನೋಡು," ಎಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ನಾಳೆ ಆರಕ್ಕೇ ಹೊರಡಬೇಕು. ಗೈಡ್ ನನ್ನನ್ನೂ ಕೇಳುತ್ತಾನೆ. ನಾನು ತಿರುಗಿ, ಸರಿಯಾಗಿ ನೋಡಿಯೇ ಹೇಳುತ್ತೇನೆ. ಆದರೆ ಪಕ್ಕದಲ್ಲೇ ನಿಂತಿದ್ದರೂ, ಇದ್ದಾರೆ ಎನ್ನಲು ನನಗೆ ಬಾಯಿ ಬರುತ್ತದೆಯೇ, ಗೊತ್ತಿಲ್ಲ.